ಮಂತ್ರಿಗಳ ಎದುರು ಕೆಳಗಿಟ್ಟ ಕಾಫಿ

ಅಬೂ ಗಾಲಿಬ್ ಅವತ್ತು ಬೆಳಿಗ್ಗೆ ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು ಇನ್ನೊಂದಕ್ಕಾಗಿ ಮಂಚದ ಕೆಳಗೆ ತಡಕಾಡುತ್ತಿದ್ದಾಗ ಊರಿನ ಹಿರಿಯರೆಲ್ಲ ಒಟ್ಟಾಗಿ ಮನೆಗೆ ಬಂದರು. ಮುಂದೆ ನಡೆದ ಎಲ್ಲಾ ತಾಪತ್ರಯಕ್ಕೂ ಆ ಕಾಲುಚೀಲವೇ ಮೂಲ. ಅದು ಸಿಕ್ಕಿದ್ದರೆ ಅವನು ಅಷ್ಟು ಹೊತ್ತಿಗೆ ರಾಜಧಾನಿ ಅಮ್ಮಾನಿನ ದಾರಿ ಹಿಡಿದಿರುತ್ತಿದ್ದ. ಪಾರ್ಲಿಮೆಂಟಿನಲ್ಲಿ ಎಂದಿನಂತೆ ತನ್ನ ಕುರ್ಚಿಯಲ್ಲಿ ಕೂತು, ಎಂದಿನಂತೆ ಒಂದು ಮಾತೂ ಆಡದೆ ಸಂಜೆಗೆ ಮನೆ ಸೇರುತ್ತಿದ್ದ.

ಅವನು ಉಮ್ ಸಿದ್ರದ ಸಂಸದ. ಸಿರಿಯಾದ ಗಡಿಗೆ ಬೆನ್ನು ಕೊಟ್ಟು ಕೂತ ಊರು ಅದು. ಒಂದು ಒಣ ಹಳ್ಳ, ಹಳ್ಳದ ಮೇಲೊಂದು ಗೇಟು, ಗೇಟಿನ ಆಚೆ ದಿಬ್ಬದ ಮೇಲೆ ಸಿರಿಯಾದ ಊರು ತಲ್ ಅಖ್ದರ್. ಎರಡೂ ಊರಿನವರು ಅಜ್ಜಂದಿರ ಕಾಲದಿಂದ ಹೆಣ್ಣು ಕೊಟ್ಟು ತಂದು ಮಾಡಿದವರು. ಯಾರ ಅತ್ತೆ ಯಾವ ದೇಶದಲ್ಲಿದ್ದಾಳೆ ಎಂದು ಯಾರೂ ಕೇಳುತ್ತಿರಲಿಲ್ಲ. ಆಚೆ ಕಡೆ ಗಲಾಟೆ ಎದ್ದು ಗೇಟು ಮುಚ್ಚಿದ ಮೇಲೆಯೇ ಜನಕ್ಕೆ ತಾವು ಎರಡು ದೇಶದವರೆಂದು ಗೊತ್ತಾದದ್ದು. ಗೇಟು ತೆಗೆಸುತ್ತೇನೆ ಎಂದು ಹೇಳಿಯೇ ಅಬೂ ಗಾಲಿಬ್ ಚುನಾವಣೆ ಗೆದ್ದಿದ್ದ. ಆದರೆ ಪಾರ್ಲಿಮೆಂಟಿನ ಆ ಎತ್ತರದ ಚಾವಣಿ, ಆ ದೀಪಗಳು, ಗಂಟೆಗಟ್ಟಲೆ ತಡವರಿಸದೆ ಮಾತಾಡುವ ದೊಡ್ಡವರು, ಇದನ್ನೆಲ್ಲ ನೋಡಿದರೆ ಅವನಿಗೆ ಭಕ್ತಿಯೇ ಉಕ್ಕಿ ಬಂದು ಬಾಯಿ ಕಟ್ಟಿಹೋಗುತ್ತಿತ್ತು. ಊರಿನ ಪಡ್ಡೆಗಳು ಅವನಿಗೆ ‘ಮೇಜು’ ಎಂದು ಹೆಸರಿಟ್ಟಿದ್ದರು. ಪಾರ್ಲಿಮೆಂಟಿನಲ್ಲಿ ಅದೂ ಇರುತ್ತದೆ, ಅದೂ ಮಾತಾಡುವುದಿಲ್ಲ.

ಹಿರಿಯರು ಗೋಡೆಗೆ ಸಾಲಾಗಿ ಕೂತರು. ಹೆಂಡತಿ ಉಮ್ ಗಾಲಿಬ್ ಏಲಕ್ಕಿ ಹಾಕಿ ಕುದಿಸಿದ ಕಹಿ ಕಾಫಿ ಕಳಿಸಿದಳು. ಅಬೂ ಗಾಲಿಬ್ ಬರಿಗಾಲೊಂದನ್ನು ಇನ್ನೊಂದರ ಹಿಂದೆ ಬಚ್ಚಿಟ್ಟುಕೊಂಡು ಒಬ್ಬೊಬ್ಬರಿಗೂ ಪುಟ್ಟ ಬಟ್ಟಲಲ್ಲಿ ಬಗ್ಗಿಸಿ ಕೊಟ್ಟ. ಎಲ್ಲರೂ ಬಟ್ಟಲು ತೆಗೆದುಕೊಂಡು, ತುಟಿಗೆ ಮುಟ್ಟಿಸದೆ, ತಮ್ಮ ಮುಂದೆ ನೆಲದ ಮೇಲಿಟ್ಟರು.

ಬಂದವರು ಕಾಫಿ ಕೆಳಗಿಟ್ಟರೆಂದರೆ ಏನೋ ಕೇಳಲು ಬಂದಿದ್ದಾರೆ ಎಂದರ್ಥ. ಮನೆಯವನು ‘ಆಗಲಿ’ ಎನ್ನುವ ತನಕ ಅವರು ಕುಡಿಯುವ ಹಾಗಿಲ್ಲ. ಕುಡಿಯದ ಕಾಫಿ ಆರಿಹೋದರೆ ಆ ಮನೆಯ ಮರ್ಯಾದೆಯೂ ಅದರ ಜೊತೆಗೇ ಆರಿತು. ಇತ್ತ ಗಡಿಯಾರ ನೋಡಿದರೆ ಹೊತ್ತು ಮೀರುತ್ತಿತ್ತು, ಹೊರಗೆ ಕಾರಿನಲ್ಲಿ ಸೋದರತ್ತೆ ಫಿದ್ದಾ ಕೂತು ಹಾರ್ನ್ ಒತ್ತುತ್ತಿದ್ದಳು.

“ಕುಡೀರಿ, ಕುಡೀರಿ, ನೀವು ಬಂದ ಕೆಲಸ ಆಯ್ತು ಅಂತಲೇ ತಿಳ್ಕೊಳ್ಳಿ,” ಎಂದುಬಿಟ್ಟ ಅವಸರದಲ್ಲಿ.

ಹಿರಿಯರು ಒಟ್ಟಿಗೆ ಬಟ್ಟಲೆತ್ತಿ ಗುಟುಕರಿಸಿದರು. ಆಮೇಲೆ ಸಾಲಿನ ಹಿರಿಯ ಹಾಜಿ ನೂಫಾನ್ ಮೀಸೆ ಒರೆಸಿಕೊಂಡು, “ಕೇಳೋಕೆ ಮುಂಚೆನೇ ಕೊಟ್ಟೆಯಲ್ಲಪ್ಪ, ದೊಡ್ಡ ಮನುಷ್ಯ ನೀನು,” ಎಂದರು.

“ಅಂದ ಹಾಗೆ ಏನು ಕೊಟ್ಟೆ, ಹಾಜಿ?”

“ಇವತ್ತು ಪಾರ್ಲಿಮೆಂಟಲ್ಲಿ ವಿದೇಶದ ವಿಷಯದ ಚರ್ಚೆಯಂತೆ. ರೇಡಿಯೋದಲ್ಲಿ ಹೇಳಿದರು. ನೀನು ಎದ್ದು ನಿಂತು ಮಂತ್ರಿನ ನಮ್ಮ ಗೇಟಿನ ಬಗ್ಗೆ ಕೇಳ್ಬೇಕು. ತೆಗೀತೀನಿ ಅಂತ ಅವನ ಬಾಯಿಂದ ಹೊರಡಿಸ್ಬೇಕು.”

ಅಬೂ ಗಾಲಿಬನಿಗೆ ಬರಿಗಾಲು ತಣ್ಣಗಾಯಿತು. ಏನಾದರೂ ಹೇಳಿ ಜಾರಿಕೊಳ್ಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಹಾಜಿ ಅವನ ಕೈ ಹಿಡಿದುಕೊಂಡರು.

“ನನ್ನ ವಸ್ಮಿಯಾ ಆಚೆ ಕಡೆ ಇದ್ದಾಳೆ, ನಿಂಗೆ ಗೊತ್ತಲ್ಲ. ಅವಳಿಗೆ ಗಂಡು ಮಗು ಆಯ್ತು. ದಿನಾ ಸಂಜೆ ಅವಳು ಅಲ್ಲಿ ಮಾಳಿಗೆ ಮೇಲೆ ನಿಂತು ಮಗೂನ ಎತ್ತಿ ತೋರಿಸ್ತಾಳೆ, ನಾನು ಇಲ್ಲಿ ಮಾಳಿಗೆ ಮೇಲೆ ನಿಂತು ನೋಡ್ತೀನಿ. ಮೊದಮೊದಲು ಮಗು ಅಂತ ಗೊತ್ತಾಗ್ತಿತ್ತು. ಈಗ ಕಣ್ಣಿಗೆ ಪೊರೆ ಬಂದು ಕೈಯಲ್ಲಿ ಏನೋ ಬಿಳೀ ಗಂಟು ಹಿಡಿದಿದ್ದಾಳೆ ಅನ್ಸುತ್ತೆ, ಅಷ್ಟೇ. ಫೋನಲ್ಲಿ ಚಿತ್ರ ಕಳಿಸ್ತಾಳೆ. ಚಿತ್ರದ ನೆತ್ತಿ ಮೂಸೋಕಾಗುತ್ತೇನಪ್ಪ?”

ಅಬೂ ಗಾಲಿಬ್ ಹಾಗೇ ಹೊರಟ. ಎರಡನೆಯ ಕಾಲುಚೀಲ ಸಿಗಲೇ ಇಲ್ಲ.

ಕಾರಿನಲ್ಲಿ ಅತ್ತೆ ಫಿದ್ದಾಳ ಬಾಯಿಗೆ ದಾರಿಯುದ್ದಕ್ಕೂ ಬಿಡುವಿರಲಿಲ್ಲ. ಗೋಡೆಯಾಚೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. “ಮಾತು ಕೊಟ್ಟಾಗಿದೆ ಸಾಯೆಲ್, ಇನ್ನು ಹಿಂದೆ ಸರಿಯೋ ಹಾಗಿಲ್ಲ,” ಎಂದಳು. ಅಬೂ ಗಾಲಿಬನನ್ನು ಹುಟ್ಟಿದಾಗ ಇಟ್ಟ ಹೆಸರಿನಿಂದ ಕರೆಯುವವಳು ಊರಿನಲ್ಲಿ ಅವಳೊಬ್ಬಳೇ. “ನಿಮ್ಮಪ್ಪ ಒಂದ್ಸಲ ಕಾಫಿ ಮೇಲೆ ಮಾತು ಕೊಟ್ಟು ಹಾಲು ಕರೆಯೋ ಒಂಟೆನೇ ಬಿಟ್ಟುಕೊಟ್ಟ. ನೀನು ಬಾಯಿ ಬಿಡೋಕೆ ಅಳ್ತೀಯಲ್ಲೋ.”

“ಅತ್ತೆ, ನೀನ್ಯಾಕೆ ಬರ್ತಿದ್ದೀಯ ಈಗ?”

“ಹಲ್ಲು ನೋವು, ಡಾಕ್ಟರ ಹತ್ರ ಹೋಗ್ಬೇಕಿತ್ತು. ಈಗ ನೋವಿಲ್ಲ. ಪಾರ್ಲಿಮೆಂಟಿಗೇ ಬರ್ತೀನಿ. ನೀನು ಎದ್ದು ನಿಲ್ತೀಯೋ ಇಲ್ವೋ ನೋಡೋಕೆ ಊರವರ ಪರವಾಗಿ ಒಬ್ಬರು ಬೇಡ್ವೇ?”

ಪಾರ್ಲಿಮೆಂಟಿನ ಮೊಗಸಾಲೆಯಲ್ಲಿ ಪಕ್ಕದ ಕುರ್ಚಿಯ ಡಾಕ್ಟರ್ ರಕಾನ್ ಸಿಕ್ಕ. ರಾಜಧಾನಿಯ ಮನುಷ್ಯ, ಅಂಗಿಯ ಕಾಲರು ಗಾಜಿನಷ್ಟು ಗಟ್ಟಿ. ವಿಷಯ ಕೇಳಿ ನಕ್ಕ.

“ಗೇಟು ಅನ್ನೋ ಪದ ಬಾಯಿಗೇ ತರ್ಬೇಡ ಅಬೂ ಗಾಲಿಬ್. ವಿದೇಶಾಂಗ ವ್ಯವಹಾರ ಅಂದ್ರೆ ಏನು ಅಂದ್ಕೊಂಡೆ? ‘ಪ್ರಾದೇಶಿಕ ಸನ್ನಿವೇಶದ ಹಿನ್ನೆಲೆಯಲ್ಲಿ ಜನಸಂಚಾರದ ಪ್ರಶ್ನೆ’ ಅನ್ನು. ಮಗು, ನೆತ್ತಿ, ಮಾಳಿಗೆ ಇದೆಲ್ಲ ಬೇಡ.”

“ಪ್ರಾದೇಶಿಕ ಸನ್ನಿವೇಶದ…”

“ಹಿನ್ನೆಲೆಯಲ್ಲಿ.”

ಅಬೂ ಗಾಲಿಬ್ ಅದನ್ನು ಬಾಯಲ್ಲಿ ಹೊರಳಿಸುತ್ತ ಒಳಗೆ ಹೋಗಿ ಕೂತ. ಆಗಲೇ ವಿದೇಶಾಂಗ ಮಂತ್ರಿಗಳು ಮಾತಾಡುತ್ತಿದ್ದರು. ಎಂಥಾ ಮಾತು! ಒಂದು ವಾಕ್ಯ ಶುರುವಾದರೆ ಮೂರು ರಾಜಧಾನಿ ಸುತ್ತಿಕೊಂಡು, ಎರಡು ಒಪ್ಪಂದ ನೆನಪಿಸಿಕೊಂಡು, ಒಂದು ಚೂರೂ ಏದುಸಿರಿಲ್ಲದೆ ಬಂದು ನಿಲ್ಲುತ್ತಿತ್ತು. ಅದರಲ್ಲಿ ಏನು ಹೇಳಿದರೆಂದು ಅಬೂ ಗಾಲಿಬನಿಗೆ ತಿಳಿಯಲಿಲ್ಲ. ತಿಳಿಯದ್ದರಿಂದ ಗೌರವ ಇನ್ನೂ ಹೆಚ್ಚಾಯಿತು. ಇಂಥವರ ಮುಂದೆ ನಾನು ಎದ್ದು ಗೇಟಿನ ವಿಷಯ ಕೇಳುವುದೇ ಎಂದು ಅವನಿಗೆ ನಾಚಿಕೆಯಾಯಿತು. ಸುಮ್ಮನಿರುವುದೇ ಮೇಲು, ಊರಿಗೆ ಹಿಂದಿನ ದಾರಿಯಿಂದ ಹೋದರಾಯಿತು ಎಂದು ತೀರ್ಮಾನಿಸಿದ.

ಅಷ್ಟರಲ್ಲಿ ಮೇಲಿನ ಸಂದರ್ಶಕರ ಸಾಲಿನಲ್ಲಿ ಅತ್ತೆ ಫಿದ್ದಾ ಎದ್ದು ನಿಂತದ್ದು ಕಾಣಿಸಿತು. ಕಟಕಟೆಯ ಮೇಲೆ ಅರ್ಧ ಬಗ್ಗಿ, ಕೋಳಿ ಅಟ್ಟುವವಳಂತೆ ಎರಡೂ ಕೈ ಬೀಸಿ, ಏಳು ಏಳು ಎಂದು ಸನ್ನೆ ಮಾಡುತ್ತಿದ್ದಳು. ಕಾವಲಿನವನು ಅವಳ ಕಡೆ ಬರುತ್ತಿದ್ದ. ಅಬೂ ಗಾಲಿಬ್ ಗಾಬರಿಯಿಂದ, ಕೂತ್ಕೋ ಎಂದು ಹೇಳಲು ಕೈ ಮೇಲೆತ್ತಿದ.

ಸಭಾಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. “ಉಮ್ ಸಿದ್ರದ ಸದಸ್ಯರು ಕೈ ಎತ್ತಿದ್ದಾರೆ,” ಎಂದರು, ಅವರ ದನಿಯಲ್ಲೇ ಅಚ್ಚರಿಯಿತ್ತು. “ಎರಡು ನಿಮಿಷ ಮಾತಾಡಬಹುದು.”

ಇಡೀ ಸಭೆ ತಿರುಗಿ ನೋಡಿತು. ಅಬೂ ಗಾಲಿಬ್ ಹೇಗೆ ಎದ್ದ, ಹೇಗೆ ಮುಂದೆ ಹೋದ ಎನ್ನುವುದು ಅವನಿಗೇ ಗೊತ್ತಿಲ್ಲ. ಮಂತ್ರಿಗಳ ಎದುರಿಗಿದ್ದ ಮಾತಿನ ಪೀಠದ ಹಿಂದೆ ನಿಂತಾಗ ನಾಲಿಗೆ ಮರದ ತುಂಡಾಗಿತ್ತು.

“ಪ್ರಾದೇಶಿಕ…” ಎಂದ. ನಿಲ್ಲಿಸಿದ. “ಪ್ರಾದೇಶಿಕ…”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಂತ್ರಿಗಳು ಒಳ್ಳೆಯ ಮನೆತನದವರು, ತೆಂಕಣ ಬುಡಕಟ್ಟಿನವರು. ಪಾಪ, ಮೊದಲ ಸಲ ಮಾತಾಡುತ್ತಿದ್ದಾನೆ, ಗಂಟಲು ಒಣಗಿದೆ ಎಂದುಕೊಂಡರು. ತಮ್ಮ ಸಾಲಿಗೆ ಕಾಫಿ ಬಗ್ಗಿಸುತ್ತಿದ್ದ ಪರಿಚಾರಕನಿಗೆ ಕೈಸನ್ನೆ ಮಾಡಿ, “ನಮ್ಮ ಅಣ್ಣನಿಗೆ ಒಂದು ಬಟ್ಟಲು ಕೊಡಪ್ಪ,” ಎಂದರು.

ಪರಿಚಾರಕ ಬಟ್ಟಲು ತಂದುಕೊಟ್ಟ. ಅಬೂ ಗಾಲಿಬ್ ತೆಗೆದುಕೊಂಡ. ಕೈ ಎಷ್ಟು ನಡುಗುತ್ತಿತ್ತೆಂದರೆ ಬಾಯಿಗೆ ಒಯ್ಯುವಷ್ಟರಲ್ಲಿ ಕಾಫಿಯೆಲ್ಲ ಅಂಗಿಯ ಮೇಲೆ ಬೀಳುವುದು ಖಂಡಿತವಾಗಿತ್ತು. ದೊಡ್ಡವರ ಮುಂದೆ ಅಂಥ ಅವಮಾನ ಬೇಡವೆಂದು ಅವನು ಮೆಲ್ಲಗೆ ಬಟ್ಟಲನ್ನು ಎದುರಿನ ಪೀಠದ ಮೇಲೆ ಕೆಳಗಿಟ್ಟ.

ಕಿಸಕ್ಕೆಂದವರು ಬಾಯಿ ಮುಚ್ಚಿದರು. ತೂಕಡಿಸುತ್ತಿದ್ದವರು ನೆಟ್ಟಗೆ ಕೂತರು. ಮರುಭೂಮಿಯ ಕ್ಷೇತ್ರಗಳ ಮುದುಕ ಸದಸ್ಯರು ತಲೆವಸ್ತ್ರ ಸರಿಮಾಡಿಕೊಂಡರು. ಡಾಕ್ಟರ್ ರಕಾನನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ದೇಶದ ಮಂತ್ರಿ ಕೊಟ್ಟ ಕಾಫಿಯನ್ನು, ಇಡೀ ಪಾರ್ಲಿಮೆಂಟಿನ ಎದುರಿಗೆ, ಒಬ್ಬ ಗಡಿಯೂರಿನ ಸಂಸದ ಕುಡಿಯದೆ ಕೆಳಗಿಟ್ಟಿದ್ದ. ಹೀಗೆ ಆದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ.

ಮಂತ್ರಿಗಳು ಬಟ್ಟಲನ್ನು ನೋಡಿದರು, ಅದರಿಂದ ಏಳುತ್ತಿದ್ದ ಹಬೆಯನ್ನು ನೋಡಿದರು. ಅಷ್ಟು ಹೊತ್ತು ಮೂರು ರಾಜಧಾನಿ ಸುತ್ತಿದ್ದವರು ಈಗ ತಮ್ಮ ತಾತನ ಗುಡಾರಕ್ಕೆ ವಾಪಸು ಬಂದವರಂತೆ ಕಂಡರು. ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡರು.

“ಕಾಫಿ ಕುಡೀರಿ, ಅಬೂ ಗಾಲಿಬ್. ನೀವು ಬಂದ ಕೆಲಸ ಆಯ್ತು.”

ಮೇಲಿನ ಸಾಲಿನಿಂದ ಅತ್ತೆ ಫಿದ್ದಾ ಮದುವೆ ಮನೆಯ ಹಾಗೆ ನಾಲಿಗೆ ಹೊರಳಿಸಿ ಕೇಕೆ ಹಾಕಿದಳು. ಕಾವಲಿನವನು ಅವಳನ್ನು ಹೊರಗೆ ಕರೆದುಕೊಂಡು ಹೋಗುವ ಮೊದಲೇ ಅವಳು ತಾನಾಗಿ ಓಡಿದ್ದಳು. ಅವಳ ಪಾಲಿಗೆ ವಿಷಯ ಅಲ್ಲಿಗೆ ಮುಗಿದಿತ್ತು. ಇನ್ನು ಊರಿಗೆ ಫೋನು ಮಾಡುವುದೊಂದೇ ಬಾಕಿ.

ಕಾಫಿ ಕುಡಿದ ಮೇಲೆ ಅಬೂ ಗಾಲಿಬನ ಬಾಯಿ ಬಿಚ್ಚಿತು. ‘ಪ್ರಾದೇಶಿಕ’ ಎಲ್ಲಿಗೋ ಹಾರಿಹೋಗಿತ್ತು. ಹಾಜಿ ನೂಫಾನರು ಹೇಳಿದ್ದನ್ನು ಹಾಜಿಯ ಮಾತಿನಲ್ಲೇ ಹೇಳಿದ. ಮಾಳಿಗೆ, ಬಿಳೀ ಗಂಟು, ಚಿತ್ರದ ನೆತ್ತಿ. “ನಮ್ಮೂರಲ್ಲಿ ವಿದೇಶ ಅಂದ್ರೆ ನಮ್ಮ ಅಕ್ಕತಂಗಿಯರ ಮನೆ, ಸ್ವಾಮಿ. ಅಲ್ಲಿಗೆ ಹೋಗೋಕೆ ದಾರಿ ಕೊಡಿ,” ಎಂದು ಮುಗಿಸಿದ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. ಮುದುಕ ಸದಸ್ಯರೊಬ್ಬರು ಬಹಿರಂಗವಾಗಿ ಕಣ್ಣೊರೆಸಿಕೊಂಡರು. ಇಂಥ ಕಡೆ ತಾನು ನಿಂತಿದ್ದೇನೆ, ಇಂಥವರು ತನ್ನ ಮಾತು ಕೇಳುತ್ತಿದ್ದಾರೆ ಎನ್ನುವುದೇ ಅವನಿಗೆ ದೊಡ್ಡ ವಿಸ್ಮಯವಾಗಿತ್ತು.

ಮಂತ್ರಿಗಳು ಹೊರಗೆ ಹೋಗಿ ಆಚೆ ದೇಶದ ಮಂತ್ರಿಗೆ ತಾವೇ ಫೋನು ಮಾಡಿದರು. ಹೊತ್ತು ಹೋಯಿತು. ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು, “ಒಪ್ಪಿಸಿದೆ. ಇವತ್ತು ಮಧ್ಯಾಹ್ನದ ನಮಾಜಿನಿಂದ ಸೂರ್ಯ ಮುಳುಗೋವರೆಗೆ ಗೇಟು ತೆಗೆದಿರುತ್ತೆ. ಜನ ಹೋಗಿ ನೋಡಿಕೊಂಡು ಬರಲಿ. ಇದು ಸಲೀಸಾಗಿ ನಡೆದರೆ ಮುಂದಿನದು ಆಮೇಲೆ ನೋಡೋಣ ಅಂದಿದ್ದಾರೆ,” ಎಂದರು. ಸಭೆ ಮೇಜು ಕುಟ್ಟಿತು.

ಆಮೇಲೆ ಅಬೂ ಗಾಲಿಬನನ್ನು ಬಿಡುವವರು ಯಾರು? ಒಂದು ವರ್ಷದಿಂದ ಅವನ ಹೆಸರೂ ಕೇಳದವರು ಅವನ ಹೆಗಲ ಮೇಲೆ ಕೈ ಹಾಕಿದರು. ಮುದುಕ ಸದಸ್ಯರು ಎಳೆದುಕೊಂಡು ಹೋಗಿ ಮೊಸರಲ್ಲಿ ಬೇಯಿಸಿದ ಕುರಿಮಾಂಸ ಹರಡಿದ ಅನ್ನದ ತಟ್ಟೆಯ ಮುಂದೆ ಕೂರಿಸಿದರು, ಒಳ್ಳೊಳ್ಳೆಯ ತುಂಡುಗಳನ್ನೆಲ್ಲ ಅವನ ಕಡೆಗೇ ತಳ್ಳಿದರು. ಡಾಕ್ಟರ್ ರಕಾನ್ ಕಿವಿಯ ಹತ್ತಿರ ಬಂದು, “ಆ ಬಟ್ಟಲು ಇಟ್ಟೆಯಲ್ಲ, ಯಾವ ಕ್ಷಣದಲ್ಲಿ ಇಡ್ಬೇಕು ಅಂತ ಹೇಗೆ ಲೆಕ್ಕ ಹಾಕಿದೆ?” ಎಂದು ಕೇಳಿದ.

“ಅದು ಅಭ್ಯಾಸದಿಂದ ಬರುತ್ತೆ,” ಎಂದ ಅಬೂ ಗಾಲಿಬ್.

ಊರಿನ ಕಡೆ ಕಾರು ತಿರುಗಿದಾಗ ಬಿಸಿಲು ಇಳಿದಿತ್ತು. ಅಬೂ ಗಾಲಿಬ್ ಹೊಟ್ಟೆ ತುಂಬಿ, ಮನಸ್ಸು ತುಂಬಿ, ತಮಟೆ, ಹೂವು, ಹೆಗಲ ಮೇಲಿನ ಮೆರವಣಿಗೆ ಎಲ್ಲವನ್ನೂ ಮುಂದಾಗಿಯೇ ಕಾಣುತ್ತಿದ್ದ. ಇನ್ನು ಮೇಜು ಅನ್ನಲಿ ನೋಡೋಣ.

“ಹಾಜಿ ನೂಫಾನ್ ಇಷ್ಟು ಹೊತ್ತಿಗೆ ಮೊಮ್ಮಗನ್ನ ಎತ್ತಿಕೊಂಡು ಆಗಿರುತ್ತೆ,” ಎಂದ. “ಇನ್ನೇನು ಎಲ್ಲಾ ವಾಪಸು ಹೊರಟಿರ್ತಾರೆ. ಸೂರ್ಯ ಮುಳುಗೋಕೆ ಬಂತಲ್ಲ.”

ಅತ್ತೆ ಫಿದ್ದಾ ಅವನ ಕಡೆ ತಿರುಗಿದಳು. “ಸೂರ್ಯ ಮುಳುಗಿದರೆ ನಿಂಗೇನು, ಎಲ್ಲರೂ ಯಾಕೆ ಹೊರಡ್ಬೇಕು?”

“ಗೇಟು ಮುಚ್ತಾರಲ್ಲ, ಅತ್ತೆ. ಸೂರ್ಯ ಮುಳುಗೋವರೆಗೆ ಮಾತ್ರ ಅಂತ ಮಂತ್ರಿಗಳು ಹೇಳಲಿಲ್ವೇ?”

“ಯಾವಾಗ ಹೇಳಿದ?”

“ನೀನು… ಆಗ ನೀನು ಎಲ್ಲಿದ್ದೆ?”

“ನಾನು ಹೊರಗೆ ಹೋಗಿ ಎಲ್ಲರಿಗೂ ಫೋನು ಮಾಡ್ತಿದ್ದೆ! ಗೇಟು ತೆಗೆಸಿಬಿಟ್ಟ ನಮ್ಮ ಸಾಯೆಲ್, ಇನ್ನು ಎಂದೆಂದಿಗೂ ಮುಚ್ಚಲ್ಲ, ಹೊರಡಿ ಅಂದೆ. ಕಾಫಿ ಮೇಲೆ ಕೊಟ್ಟ ಮಾತಿಗೆ ಯಾರಾದ್ರೂ ಹೊತ್ತು ಗೊತ್ತು ಇಡ್ತಾರೇನೋ? ನಿಮ್ಮಪ್ಪ ಒಂಟೆ ಕೊಟ್ಟಾಗ ಸಂಜೆಗೆ ವಾಪಸು ತಗೊಂಡು ಬನ್ನಿ ಅಂದನೇ?”

ಅಬೂ ಗಾಲಿಬ್ ಹೆಂಡತಿಗೆ ಫೋನು ಮಾಡಿದ. ಹತ್ತಲಿಲ್ಲ. ಹಳ್ಳ ದಾಟಿದರೆ ಈಚೆಯ ಫೋನು ಕೆಲಸ ಮಾಡುವುದಿಲ್ಲ. ಹಾಜಿಗೆ ಮಾಡಿದ. ಮಾಂಸದಂಗಡಿಯವನಿಗೆ ಮಾಡಿದ. ಕೊನೆಗೆ ಊರ ಪೊಲೀಸು ಠಾಣೆಗೂ ಮಾಡಿದ. ಯಾರೂ ಸಿಗಲಿಲ್ಲ. ಕಾರನ್ನು ಓಡಿಸುವುದು ಬಿಟ್ಟು ಹಾರಿಸಿದ.

ಉಮ್ ಸಿದ್ರದ ದೊಡ್ಡ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಅಂಗಡಿಗಳ ಬಾಗಿಲು ಎಳೆದಿತ್ತು. ಬೇಕರಿಯ ಒಲೆ ಆರಿತ್ತು. ಚಹಾದಂಗಡಿಯಲ್ಲಿ ಚದುರಂಗದ ಕಾಯಿಗಳು ಆಟದ ನಡುವೆಯೇ ನಿಂತಿದ್ದವು. ಅಬೂ ಗಾಲಿಬನ ಸ್ವಂತ ಮನೆಗೂ ದಪ್ಪ ಬೀಗ. ಅವನನ್ನು ಎದುರುಗೊಳ್ಳಲು ಬಂದದ್ದು ಮಾಂಸದಂಗಡಿಯ ಬೆಕ್ಕು ಒಂದೇ.

ಗೇಟಿನ ಹತ್ತಿರ ಓಡಿದಾಗ ಗಡಿ ಪಡೆಯ ಕ್ಯಾಪ್ಟನ್ ಸರಪಳಿಗೆ ಬೀಗ ಹಾಕಿ ಕೈ ಒರೆಸಿಕೊಳ್ಳುತ್ತಿದ್ದ. ಆಚೆ ಕಡೆಯವನೂ ತನ್ನ ಬೀಗ ಹಾಕಿ ಮುಗಿಸಿದ್ದ.

“ಗಂಟಲು ಹರಿಯೋ ಹಾಗೆ ಮೈಕಿನಲ್ಲಿ ಕೂಗಿದೆ ಸಾಹೇಬ್ರೆ,” ಎಂದ ಕ್ಯಾಪ್ಟನ್. “ಒಬ್ಬರೂ ಬರಲಿಲ್ಲ. ಕಾಫಿ ಮೇಲೆ ಆದ ಮಾತು ಇದು, ನಿಂಗೇನು ಗೊತ್ತು, ಸುಮ್ಮನೆ ಕೂತ್ಕೋ ಅಂತ ನನ್ನೇ ಬೈದರು. ಊರ ಪೊಲೀಸು ಠಾಣೆಯವರೂ ಅವರ ಜೊತೆಗೇ ಹೋದರು, ಕಾವಲಿಗೆ ಅಂತ. ಅವರಿಗೂ ಅಲ್ಲಿ ಊಟಕ್ಕೆ ಹಾಕಿದ್ದಾರೆ.”

ಅಬೂ ಗಾಲಿಬ್ ತಂತಿಗೆ ಕೈ ಹಿಡಿದು ಆಚೆ ನೋಡಿದ. ನೋಡಿದವನು ಕಣ್ಣು ಮಿಟುಕಿಸುವುದನ್ನೂ ಮರೆತ. ತಲ್ ಅಖ್ದರಿನ ಇಳಿಜಾರಿನ ತುಂಬ ಅವನ ಊರು ಹರಡಿಕೊಂಡಿತ್ತು. ಎಂದೋ ಮಾತು ಬಿಟ್ಟ ಭಾವಮೈದುನರು ತಬ್ಬಿಕೊಂಡು ಅಳುತ್ತಿದ್ದರು. ಮುದುಕಿಯರು ಒಬ್ಬರ ಮುಖ ಒಬ್ಬರು ಕೈಯಿಂದ ತಡವಿ ನೋಡುತ್ತಿದ್ದರು. ಹೊಗೆ ಏಳುತ್ತಿತ್ತು, ದೊಡ್ಡ ತಟ್ಟೆಗಳು ಓಡಾಡುತ್ತಿದ್ದವು. ಒಂದು ಬಟ್ಟಲು ಕಾಫಿಯಿಂದ, ತನ್ನ ನಡುಗುವ ಕೈಯಿಂದ ಇಷ್ಟೆಲ್ಲ ಆಯಿತೇ ಎಂದು ಅವನಿಗೆ ಮೈ ಜುಮ್ಮೆಂದಿತು. ದೇವರು ದೊಡ್ಡವನು ಎಂದು ಮನಸ್ಸಿನಲ್ಲೇ ಅಂದುಕೊಂಡ.

ಅಷ್ಟರಲ್ಲಿ ಗೇಟಿಗೆ ಬೀಗ ಬಿದ್ದದ್ದು ಆಚೆಯವರ ಗಮನಕ್ಕೆ ಬಂತು. ಜನ ಹಳ್ಳದ ಅಂಚಿಗೆ ಇಳಿದರು.

“ಏನಯ್ಯಾ ಇದು ಅಬೂ ಗಾಲಿಬ್? ಬೆಳಿಗ್ಗೆ ಅಂಗಡಿ ತೆಗೀಬೇಕು ನಾನು!” ಎಂದು ಮಾಂಸದಂಗಡಿಯವನು ಕೂಗಿದ.

“ನನ್ನ ಕುರಿಗಳಿಗೆ ನೀರು ಯಾರು ಹಾಕ್ತಾರೆ? ನೀನೇ ಹಾಕ್ಬೇಕು!” ಎಂದ ಇನ್ನೊಬ್ಬ.

ಉಮ್ ಗಾಲಿಬ್ ಎಲ್ಲರಿಗಿಂತ ಜೋರಾಗಿ, “ರೀ, ಬೀಗದ ಕೈ ನನ್ನ ಹತ್ರ ಇದೆ! ನಾಳೆ ಎದ್ದ ತಕ್ಷಣ ಪಾರ್ಲಿಮೆಂಟಿಗೆ ಹೋಗಿ ನಮ್ಮ ವಿಷಯ ಎತ್ತಿ!” ಎಂದಳು.

ಆಗ ಗುಂಪನ್ನು ಸರಿಸಿಕೊಂಡು ಹಾಜಿ ನೂಫಾನ್ ಮುಂದೆ ಬಂದರು. ತೋಳಿನಲ್ಲಿ ದುಂಡನೆಯ ಗಂಡು ಮಗು. ಅದು ಅವರ ಮೀಸೆಯನ್ನು ಹಿಡಿದು ಜಗ್ಗುತ್ತಿತ್ತು. ಹಾಜಿ ಅದರ ನೆತ್ತಿಯಿಂದ ಮೂಗು ತೆಗೆಯದೆಯೇ ಕೂಗಿದರು.

“ಅವಸರ ಮಾಡ್ಬೇಡ ಮಗಾ! ಇಷ್ಟು ದಿನ ಬಾಯಿ ಮುಚ್ಕೊಂಡು ಇದ್ದೆಯಲ್ಲ, ಇನ್ನೊಂದು ತಿಂಗಳು ಹಾಗೇ ಇರು!”

“ಏ ಹಾಜಿ, ನಿಮಗೇನು, ನನ್ನ ಕುರಿ ಸಾಯ್ತವೆ!”

“ಸಾಯ್ಲಿ ಬಿಡೋ!”

ಇಬ್ಬರ ಹಿಂದೆಯೂ ಜನ ಸೇರಿ ಊರು ಎರಡು ಪಾಲಾಯಿತು. ಒಂದು ಪಾಲು ‘ಮಾತಾಡು’ ಎಂದು, ಇನ್ನೊಂದು ಪಾಲು ‘ಮಾತಾಡಬೇಡ’ ಎಂದು ಕೂಗತೊಡಗಿತು. ಅದೇ ಹೊತ್ತಿಗೆ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ವಿದೇಶಾಂಗ ಮಂತ್ರಿಗಳೇ ಮಾಡಿದ್ದರು.

“ಸಂತೋಷ ಆಯ್ತೇ ಅಬೂ ಗಾಲಿಬ್? ಎಲ್ಲಾ ಸಲೀಸಾಗಿ ಮುಗೀತು ತಾನೇ? ನಿಮ್ಮ ಕ್ಷೇತ್ರದ ಜನ ಹೇಗಿದ್ದಾರೆ?”

ಅಬೂ ಗಾಲಿಬ್ ಎದುರಿನ ದಿಬ್ಬವನ್ನು ಇನ್ನೊಮ್ಮೆ ನೋಡಿದ.

“ಎಲ್ಲಾ ಚೆನ್ನಾಗಿದ್ದಾರೆ ಸ್ವಾಮಿ,” ಎಂದ. “ಆದರೆ ಅವರನ್ನ ಇನ್ನು ಮೇಲೆ ನೀವೇ ನೋಡ್ಕೋಬೇಕು. ನನ್ನ ಕ್ಷೇತ್ರ ಪೂರ್ತಿ ನಿಮ್ಮ ಖಾತೆಗೆ ಬಂದುಬಿಟ್ಟಿದೆ.”